ಏನು ಬೇಕು ಅಂತ ಮೊದಲೇ ಕೇಳಬೇಕಿತ್ತು

ನಮ್ಮ ಚರ್ಚಿನ ಸೇವಾ ತಂಡದ ಜವಾಬ್ದಾರಿ ನನಗೆ ಬಂದ ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಬೇರೆ ದೇಶದ ಒಂದು ಮಿಷನ್ ಆಸ್ಪತ್ರೆಗೆ ಔಷಧಿ ಕಳಿಸೋಣ ಅಂತ ಭಾನುವಾರ ಆರಾಧನೆ ಮುಗಿದ ಮೇಲೆ ಹೇಳಿದೆ. ಜನ ಮನೆಯಲ್ಲಿ ಉಳಿದಿದ್ದ ಮಾತ್ರೆ, ಸಿರಪ್ ಎಲ್ಲ ತಂದು ಕೊಟ್ಟರು. ಡಬ್ಬ ಕಟ್ಟುವಾಗ ನಮಗೆಲ್ಲ ತುಂಬ ಖುಷಿ. ಎರಡು ತಿಂಗಳಾದ ಮೇಲೆ ಅಲ್ಲಿನ ನರ್ಸ್ ಒಬ್ಬರು ಬರೆದರು, ಸ್ವಲ್ಪವೂ ಕೋಪವಿಲ್ಲದೆ: ಅರ್ಧಕ್ಕಿಂತ ಜಾಸ್ತಿ ಔಷಧಿಯ ಅವಧಿ ಮುಗಿಯುತ್ತಾ ಬಂದಿದೆ, ಕೆಲವದರ ಮೇಲೆ ಏನು ಬರೆದಿದೆ ಅಂತ ಇಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ, ಅವನ್ನು ಸರಿಯಾಗಿ ಸುಡಿಸಲು ನಾವೇ ದುಡ್ಡು ಹೊಂದಿಸಬೇಕು.

ಆಮೇಲೆ ಓದಿ ನೋಡಿದರೆ, ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಒಬ್ಬರ ಮನೆಗೆ ಹೋಗಿ ವಾಪಸ್ ಬಂದ ಔಷಧಿಯನ್ನು ದಾನ ಕೊಡಬಾರದು. ತಲುಪುವ ಹೊತ್ತಿಗೆ ಸಾಮಾನ್ಯವಾಗಿ 1 ವರ್ಷವಾದರೂ ಅವಧಿ ಉಳಿದಿರಬೇಕು. ಎಲ್ಲಕ್ಕಿಂತ ಮೊದಲು, ಅವರು ಕೇಳಿದ್ದನ್ನೇ ಕಳಿಸಬೇಕು.

ಕೇಳಿದೆವು. ಅವರಿಗೆ ಬೇಕಿದ್ದದ್ದು ಔಷಧಿಯೇ ಅಲ್ಲ, ಹಳ್ಳಿ ಸುತ್ತುವ ಒಬ್ಬ ಆರೋಗ್ಯ ಕಾರ್ಯಕರ್ತೆಯ ಸಂಬಳ. ಆಕೆ ಮನೆಮನೆಗೆ ಹೋಗಿ, ಮಗುವಿಗೆ ಭೇದಿಯಾದಾಗ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸುವುದನ್ನು ತಾಯಂದಿರ ಕೈಯಲ್ಲೇ ಮಾಡಿಸುತ್ತಾರೆ. ಫೋಟೋ ತೆಗೆದು ಗೋಡೆಗೆ ಹಾಕುವಂಥ ಕೆಲಸವಲ್ಲ ಇದು, ಆದರೆ ಮಗು ಉಳಿಯುವುದು ಇದರಿಂದಲೇ. ಚರ್ಚುಗಳಿಗೆ ಇದು ಹೊಸದೂ ಅಲ್ಲ. 1970ರಲ್ಲಿ ಡಾಕ್ಟರ್ ರಜನಿಕಾಂತ್ ಮತ್ತು ಮೇಬಲ್ ಆರೋಳೆ ಎಂಬ ಕ್ರೈಸ್ತ ದಂಪತಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಕೆಲಸ ಶುರು ಮಾಡಿ, ಓದು ಬರಹ ಬಾರದ ಹಳ್ಳಿ ಹೆಂಗಸರಿಗೇ ತರಬೇತಿ ಕೊಟ್ಟರು. ಹಲವು ದೇಶಗಳ ಚರ್ಚುಗಳ ಒಕ್ಕೂಟವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ 1968ರಲ್ಲಿ ಕಟ್ಟಿದ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಇಂಥ ಕೆಲಸಗಳನ್ನು ಮುಂದೆ ತಂದಿತು, ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕು ಅಂತ ದೇಶಗಳು ಸೇರಿ ಹೇಳಿದ 1978ರ ಆಲ್ಮಾ ಆಟಾ ಘೋಷಣೆಯ ಹಿಂದೆ ಆ ಕಮಿಷನ್ನಿನ ಆಲೋಚನೆಯೂ ಇತ್ತು.

ದೂರದವರ ವಿಷಯದಲ್ಲಿ ಕಲಿತದ್ದನ್ನು ಪಕ್ಕದ ಬೀದಿಗೆ ತರಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು. ಒಬ್ಬ ತಾಯಿಗೆ ವಾರವಾರ ದಿನಸಿ ಚೀಲ ಕೊಡುತ್ತಿದ್ದೆವು. ಒಂದು ದಿನ ಸುಮ್ನೆ ಕೂತು ಮಾತಾಡುವಾಗ ಗೊತ್ತಾಯಿತು, ಅವರಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲವೂ ಸುಮಾರು 4 ಗಂಟೆ, ಮುಗಿದ ಮೇಲೆ ನಿಲ್ಲಲೂ ಶಕ್ತಿ ಇರುವುದಿಲ್ಲ, ಆ ಸ್ಥಿತಿಯಲ್ಲಿ ಎರಡು ಬಸ್ ಬದಲಿಸಿ ಮನೆಗೆ ಬರುತ್ತಿದ್ದರು. ನಾವು ಕೊಟ್ಟ ಬೇಳೆ, ಉಪ್ಪಿನ ತಿಂಡಿಗಳಲ್ಲಿ ಅವರು ತಿನ್ನಬಾರದ್ದೇ ಜಾಸ್ತಿ ಇತ್ತು! ಈಗ ಕಾರಿರುವ 9 ಜನರ ಪಟ್ಟಿ ಇದೆ. ಪ್ರತಿ ದಿನಕ್ಕೂ ಇಬ್ಬರ ಹೆಸರು ಬರೆಯುತ್ತೇವೆ, ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು. ಡಯಾಲಿಸಿಸ್ ತಪ್ಪಿದರೆ ಜೀವಕ್ಕೇ ಅಪಾಯ, ಅಲ್ವಾ?

ಇನ್ನೊಂದು ಮಾತು. ಈ ಕೆಲಸ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಬ್ಬರಿಗೆ ಕ್ಷಯ ಬಂದಿತ್ತು, 6 ತಿಂಗಳ ಮಾತ್ರೆ ನಡೆಯುತ್ತಿತ್ತು, ನನ್ನನ್ನು ನಂಬಿ ಹೇಳಿದ್ದರು. ನಾನು ಅವರ ಹೆಸರು, ಕಾಯಿಲೆ ಎರಡನ್ನೂ ಪ್ರಾರ್ಥನೆಯ ಪಟ್ಟಿಗೆ ಸೇರಿಸಿಬಿಟ್ಟೆ. ಅದನ್ನು ಎಲ್ಲರ ಮುಂದೆ ಓದಿದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಮುಂದಿನ ವಾರದಿಂದ ಅವರ ಪಕ್ಕ ಯಾರೂ ಕೂರಲಿಲ್ಲ. ಈಗ ಒಪ್ಪಿಗೆ ಕೇಳದೆ ಯಾರ ಹೆಸರನ್ನೂ ಬರೆಯುವುದಿಲ್ಲ, ಒಪ್ಪಿದರೂ ಕಾಯಿಲೆಯ ಹೆಸರು ಹಾಕುವುದಿಲ್ಲ. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಒಳಗೆ ಕರೆದು ಕೂರಿಸಿದರು, ಮಾತ್ರೆ ಪೂರ್ತಿ ಮುಗಿಸಿದೆ ಅಂದರು. ಚರ್ಚಿಗೆ ಮಾತ್ರ ಮತ್ತೆ ಬರಲಿಲ್ಲ.