ಬಳ್ಳಾರಿ ಬಿಸಿಲಿಗೆ ತಡೆದ ಮೇಣದ ಪೆಲೆಟ್

ಪೆಲೆಟ್ ಎಂಬ ಸೀಸದ ಪುಟ್ಟ ಗುಂಡಿಗೆ ಏನೂ ಹಚ್ಚಬಾರದು, ಡಬ್ಬಿ ಬಿಚ್ಚಿ ಹಾಗೇ ಹೊಡೀಬೇಕು ಎಂದು ನಮ್ಮ ಕಡೆ ಏರ್ ರೈಫಲ್ ಹಿಡಿಯುವವರೆಲ್ಲ ಹೇಳುತ್ತಿದ್ದರು. ಎಣ್ಣೆಯ ಮಟ್ಟಿಗೆ ಆ ಮಾತು ನಿಜ, ಮೇಣದ ಮಟ್ಟಿಗೆ ಅಲ್ಲ. ಯುಗಾದಿಗೆ ಮುಂಚೆ ಮೇಣ ಹಿಡಿಸಿ ಮುಚ್ಚಿಟ್ಟ ಆರು ಡಬ್ಬಿ ದೀಪಾವಳಿಗೆ ಬಿಚ್ಚಿದೆ. ಒಂದರಲ್ಲೂ ಸೀಸ ಕೆಟ್ಟಾಗ ಮೂಡುವ ಬಿಳಿ ಪುಡಿಯಿಲ್ಲ. ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಹತ್ತು ಹೊಡೆತದಲ್ಲಿ ಅತಿ ಹೆಚ್ಚು, ಅತಿ ಕಡಿಮೆ ವೇಗಗಳ ಅಂತರ ಸೆಕೆಂಡಿಗೆ ಐದು ಮೀಟರ್ ಆಸುಪಾಸು. ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವ ಅದೇ ಸ್ಪ್ರಿಂಗ್ ರೈಫಲ್‌ನಲ್ಲಿ ಏನೂ ಹಚ್ಚದವು ಹನ್ನೊಂದು-ಹನ್ನೆರಡು ಮೀಟರ್ ಆಡುತ್ತಿದ್ದವು.

ಎಣ್ಣೆ ಯಾಕೆ ಬೇಡ ಎಂದರೆ, ಅದು ಹಚ್ಚಿದ ಜಾಗದಲ್ಲಿ ನಿಲ್ಲುವುದಿಲ್ಲ. 500 ಪೆಲೆಟ್‌ನ ಡಬ್ಬಿಗೆ ನಾಲ್ಕೇ ಹನಿ ಹೊಲಿಗೆ ಮಷಿನ್ ಎಣ್ಣೆ ಹಾಕಿ ಹೊರಳಿಸಿದರೂ, ತಗಡಿನ ಮಾಳಿಗೆಯ ಕೋಣೆಯಲ್ಲಿ ಏಪ್ರಿಲ್-ಮೇ ಕಳೆಯುವುದರೊಳಗೆ ಎಲ್ಲ ತಳಕ್ಕೆ ಇಳಿದಿರುತ್ತದೆ. ನೋಡಬೇಕೆಂದರೆ ಮೇಲಿನ ಹತ್ತು, ತಳದ ಹತ್ತು ಪೆಲೆಟ್ ತೆಗೆದು ಬೇರೆ ಬೇರೆ ಪೇಪರ್ ಚೂರಿನ ಮೇಲೆ ರಾತ್ರಿಯಿಡೀ ಇಡಿ. ತಳದವುಗಳ ಕೆಳಗೆ ಉಂಗುರ ಉಂಗುರ ಎಣ್ಣೆ ಕಲೆ, ಮೇಲಿನವುಗಳ ಕೆಳಗೆ ಪೇಪರ್ ಒಣ. ಪೆಲೆಟ್‌ನ ಸ್ಕರ್ಟ್, ಅಂದರೆ ಟೊಳ್ಳಾದ ಹಿಂಭಾಗ, ಒಂದು ಪುಟ್ಟ ಬಟ್ಟಲು ಇದ್ದಂತೆ. ಬಾಯಿ ಮೇಲಾಗಿ ಕೂತದ್ದರಲ್ಲೆಲ್ಲ ಎಣ್ಣೆ ತುಂಬುತ್ತದೆ. ರೈಫಲ್‌ಗೆ ಹಾಕಿದಾಗ ಆ ಬಟ್ಟಲು ಪಿಸ್ಟನ್ ಕಡೆಗೇ ಇರುತ್ತದಲ್ಲ, ಒತ್ತಿ ಬಿಸಿಯಾದ ಗಾಳಿ ತಗುಲಿ ಎಣ್ಣೆ ಉರಿಯುತ್ತದೆ: ಪಟ್ ಎಂಬ ಸದ್ದು, ಬ್ಯಾರಲ್ ಬಾಯಲ್ಲಿ ಹೊಗೆ, ಸೆಕೆಂಡಿಗೆ 170 ಮೀಟರ್ ಇದ್ದ ವೇಗ 200ರ ಹತ್ತಿರ. ಮುಂದಿನ ಪೆಲೆಟ್ ಒಣಗಿದ್ದರೆ ಮತ್ತೆ 165. ಇದು ನಡೆಯುತ್ತಲೇ ಇದ್ದರೆ ಸ್ಪ್ರಿಂಗ್, ಪಿಸ್ಟನ್ ಸೀಲ್ ಎರಡೂ ಹೋಗುತ್ತವೆ. ಸೀಲ್ ಬದಲಾವಣೆಗೆ, ಮಜೂರಿ ಸೇರಿ, ₹1,400 ತೆತ್ತ ಮೇಲೆ ಎಣ್ಣೆ ಬಿಟ್ಟೆ.

ಅಗಸೆ ಎಣ್ಣೆಯನ್ನೂ ನೋಡಿದ್ದೇನೆ. ಮನೆಯಲ್ಲಿ ಇತ್ತು, ಖರ್ಚಿಲ್ಲ. ಸೀಸ ತಗುಲಿದರೆ ಅಗಸೆ ಎಣ್ಣೆ ಇನ್ನೂ ಬೇಗ ಒಣಗಿ ಗಟ್ಟಿಯಾಗುತ್ತದೆ. ಬಣ್ಣ ಕಲಸುವವರು ಹಿಂದೆ ಸೀಸದ ಆಕ್ಸೈಡ್ ಪುಡಿ ಬೆರೆಸುತ್ತಿದ್ದದ್ದು ಇದಕ್ಕೇ. ಮೂರು ವಾರಕ್ಕೆ ಇಡೀ ಡಬ್ಬಿ ಶೇಂಗಾ ಚಿಕ್ಕಿಯಾಯಿತು, ಬಿಡಿಸಹೋದರೆ ಸ್ಕರ್ಟ್ ಸೊಟ್ಟ. ಹರಳೆಣ್ಣೆ ಅಷ್ಟು ಕೆಡಲಿಲ್ಲ, ಆದರೆ ಬ್ಯಾರಲ್‌ನಲ್ಲಿ ಬೂದು ಬಣ್ಣದ ಸಾಬೂನಿನಂಥ ಜಿಡ್ಡು ಬಿಟ್ಟಿತು. ಪೆನ್ಸಿಲ್ ಪುಡಿಯ ಪ್ರಯೋಗ ಹೇಳುವಂಥದ್ದಲ್ಲ, ಕೈ ಕಪ್ಪಾದದ್ದೇ ಲಾಭ.

ಈಗ ಮೇಣದ ವಿಷಯ. ಜೇನುಮೇಣ ಸುಮಾರು 62–64 ಡಿಗ್ರಿಗೆ ಕರಗುತ್ತದೆ. ನಮ್ಮ 42–43ರ ಬಿಸಿಲಿಗೆ ಮೆತ್ತಗಾದರೂ ಹರಿಯುವುದಿಲ್ಲ, ಗುಟ್ಟೆಲ್ಲ ಇಷ್ಟೇ. 100 ಗ್ರಾಂಗೆ ₹90 ಕೊಟ್ಟೆ, ಇನ್ನೂ ಮುಗಿದಿಲ್ಲ. ಮೊದಲು ಪೆಲೆಟ್ ತೊಳೆಯಿರಿ: ಉಗುರುಬೆಚ್ಚನೆ ನೀರು, ಪಾತ್ರೆ ಸೋಪು ಎರಡು ಹನಿ, ಹಳೇ ಪ್ಲಾಸ್ಟಿಕ್ ಡಬ್ಬ. ಅಡುಗೆಮನೆ ಪಾತ್ರೆ ಬೇಡ, ಇದು ಸೀಸ. ಎರಡು ಸಲ ಜಾಲಿಸಿ, ಬಟ್ಟೆ ಮೇಲೆ ಹರವಿ ಫ್ಯಾನಿನ ಗಾಳಿಗೆ ಒಣಗಿಸಿ. ಒಂದು ಗ್ರಾಂ ಮೇಣ ತುರಿದು 50 ಮಿಲಿ ವೈಟ್ ಪೆಟ್ರೋಲಿಗೆ (ಬೇಗ ಆವಿಯಾಗುವ ದ್ರಾವಕ) ಹಾಕಿ, ಕಾಲುಭಾಗ ಖಾಲಿ ಬಿಟ್ಟ ಗಾಜಿನ ಬಾಟಲಿಯಲ್ಲಿ ಹೊರಗೆ ನೆರಳಲ್ಲಿಡಿ. ಒಲೆ, ಬೆಂಕಿ ಹತ್ತಿರ ಸುಳಿಯಲೇಬಾರದು. ಬೇಸಿಗೆಯಲ್ಲಿ ನಮ್ಮೂರ ಗಾಳಿಯೇ ಒಂದು ದಿನದಲ್ಲಿ ಕರಗಿಸುತ್ತದೆ. ಸ್ವಲ್ಪ ಮಬ್ಬು ಉಳಿದರೆ ಅಲ್ಲಾಡಿಸಿ ಬಳಸಿ.

ಒಂದು ಡಬ್ಬಿಗೆ ಮೂರು ಮಿಲಿ ಸಾಕು. ಅಂದರೆ 500 ಪೆಲೆಟ್‌ಗೆ 60 ಮಿಲಿಗ್ರಾಂ ಮೇಣ. ಐದು ಮಿಲಿ ಹಾಕಿದಾಗ ಸ್ಕರ್ಟ್ ಒಳಗೆ ಬಿಳಿ ಪೊರೆ ಕಟ್ಟಿ ಗ್ರೂಪ್, ಅಂದರೆ ಗುರಿಯ ಮೇಲಿನ ತೂತುಗಳ ಗುಂಪು, ಹರಡಿತು. ಹತ್ತಿಬಟ್ಟೆಯ ಚೀಲದಲ್ಲಿ ಪೆಲೆಟ್ ಹಾಕಿ ದ್ರಾವಣ ಸುರಿದು ಎರಡೂ ತುದಿ ಹಿಡಿದು ಹೊರಳಿಸಬೇಕು. ಅಲುಗಿಸಿದರೆ ಸ್ಕರ್ಟ್ ನೆಗ್ಗುತ್ತದೆ. ಚೀಲಕ್ಕೆ ಮೊದಲೇ ಏನು ಮಾಡಿಟ್ಟುಕೊಳ್ಳುತ್ತೇನೆ ಎಂಬುದು ನನ್ನಲ್ಲೇ ಇರಲಿ, ಎರಡು ಡಬ್ಬಿ ಹಾಳಾದರೆ ನಿಮಗೂ ಹೊಳೆಯುತ್ತದೆ. ಆಮೇಲೆ ಹರವಿ ಎರಡು ದಿನ ಒಣಗಲಿ. ಪೆಟ್ರೋಲ್ ವಾಸನೆ ಇರುವಾಗಲೇ ಮುಚ್ಚಿದರೆ ಎಣ್ಣೆಯ ಕಥೆಯೇ ಮರುಕಳಿಸುತ್ತದೆ.

ಒಣಗಿಸುವ ಜಾಗದ ಬಗ್ಗೆ ಎಚ್ಚರ. ಸಂಡೂರು, ತೋರಣಗಲ್ಲು ಕಡೆಯವರಿಗೆ ಹೇಳಬೇಕಿಲ್ಲ, ಅದಿರಿನ ಕೆಂಪು ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ. ಅಕ್ಕಸಾಲಿಗರು ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಜಿಡ್ಡು ಪೆಲೆಟ್‌ಗೆ ಅದು ಅಂಟಿದರೆ ಪ್ರತಿ ಹೊಡೆತವೂ ಬ್ಯಾರಲ್ ಒಳಗೆ ಪಾಲಿಶ್ ಹೊಡೆದಂತೆ. ಮೇಲೆ ತೆಳು ಬಟ್ಟೆ ಹೊದಿಸಿ.

ಹಿಂದೆ ಪೆಲೆಟ್ ಮೇಲೆ ಬಿಳಿ ಪುಡಿ ಬಂದಾಗ ನಾನು ಮಳೆಗಾಲವನ್ನು ಬೈದದ್ದು ತಪ್ಪಾಗಿತ್ತು. ಒಂದು ಕಾರಣ ಕೂಲರ್. ಹೊರಗೆ ಒಣಹವೆ, ಕೂಲರ್ ಇರುವ ಕೋಣೆಯಲ್ಲಿ ಮಾತ್ರ ತಂಪು ತೇವ. ಇನ್ನೊಂದು ಪ್ಲೈವುಡ್ ಕಪಾಟು. ಹೊಸ ಪ್ಲೈವುಡ್ಡಿನಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಅದೇ ಪೆಲೆಟ್ ಸ್ಟೀಲ್ ಡಬ್ಬಿಯಲ್ಲಿ, ಕೂಲರ್ ಇಲ್ಲದ ಕೋಣೆಯಲ್ಲಿ, ನೆಲದ ಮೇಲೆ ಇಟ್ಟಾಗ ವರ್ಷವಾದರೂ ಕಪ್ಪು ಹೊಳಪು ಹೋಗಲಿಲ್ಲ. ಬಿಳಿ ಹಿಡಿದವನ್ನು ಊದಬೇಡಿ, ಒರೆಸಬೇಡಿ, ಆ ಪುಡಿ ಮೂಗಿಗೆ ಹೋಗಬಾರದು. ಮುಚ್ಚಿ ಬದಿಗಿಟ್ಟುಬಿಡಿ.

ಮೇಣವೂ ಸೋಲುವ ಜಾಗ ಒಂದಿದೆ. ಮೇ ತಿಂಗಳ ಮಧ್ಯಾಹ್ನ, ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್. ಅಲ್ಲಿ 60 ದಾಟುತ್ತದೆ. ₹850ರ ಡಬ್ಬಿ, ಮೇಣ ಕರಗಿ ತಳಕ್ಕೆ ಇಳಿದು ಗಟ್ಟಿಯಾಗಿತ್ತು. ಮತ್ತೆ ತೊಳೆದು ಮೊದಲಿಂದ ಮಾಡಬೇಕಾಯಿತು.

ಒಣ ಪೆಲೆಟ್‌ನಿಂದ ಮೇಣದ್ದಕ್ಕೆ ಬದಲಾಯಿಸಿದಾಗ ಮೊದಲ 25–30 ಹೊಡೆತದ ಗ್ರೂಪ್ ನೋಡಿ ಬೇಸರಪಡಬೇಡಿ, ಬ್ಯಾರಲ್‌ಗೆ ಮೇಣ ಹಿಡಿಯುವವರೆಗೆ ಹಾಗೇ. ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಒತ್ತಡದ ಗಾಳಿ ತುಂಬಿಡುವ ರೈಫಲ್) ಇರುವವರಿಗೆ ಉರಿಯುವ ಕಾಟ ಇಲ್ಲದ್ದರಿಂದ ಲಾಭ ಕಡಿಮೆ, ಬ್ಯಾರಲ್‌ನಲ್ಲಿ ಸೀಸ ಅಂಟುವುದು ತಗ್ಗುತ್ತದೆ ಅಷ್ಟೆ. ಆದರೆ ಪೆಲೆಟ್‌ಗೆ ಮೇಣ ನಡೆಯಿತೆಂದು ಅವರು ಸಿಲಿಂಡರ್, ವಾಲ್ವ್ ಕಡೆಗೆ ಎಣ್ಣೆ ಬಾಟಲಿ ಒಯ್ಯಬಾರದು. ಅಲ್ಲಿಗೆ ಸಿಲಿಕೋನ್ ಗ್ರೀಸ್ ಮಾತ್ರ.