ನಳಿಗೆ ಅಲ್ಲ, ಮೊದಲು ಲಾಕ್

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಪಿಸ್ತೂಲೊಂದನ್ನು ಕೈಯಾರೆ ಮಾಡಬೇಕು ಅಂತ ಹೊರಟಾಗ ನಾನು ಮೊದಲು ತಂದದ್ದು ನಳಿಗೆ. ಹತ್ತು ಇಂಚು ಉದ್ದ, ಎಂಟು ಮೂಲೆಯದು. ಅಮೆರಿಕದ 1805ರ ಹಾರ್ಪರ್ಸ್ ಫೆರಿ ಪಿಸ್ತೂಲಿನ ನಳಿಗೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಹಾಗಾಗಿ ಅಳತೆ ಸರಿಯಿದೆ ಅಂದುಕೊಂಡೆ. ಲಾಕ್‌ಗೆ, ಅಂದರೆ ಟ್ರಿಗರ್ ಎಳೆದಾಗ ಮದ್ದಿಗೆ ಬೆಂಕಿ ಹೊತ್ತಿಸುವ ಪಕ್ಕದ ಯಂತ್ರಕ್ಕೆ, ಮಾತ್ರ ಯೋಚನೆ ಮಾಡಲಿಲ್ಲ. ಕೈಯಲ್ಲಿದ್ದ ರೈಫಲ್ ಲಾಕನ್ನೇ ಕೂರಿಸಿದೆ.

ಆ ಲಾಕಿನ ಪಟ್ಟಿ ಐದು ಇಂಚಿಗೂ ಜಾಸ್ತಿ ಇತ್ತು. ಅದನ್ನು ಹಿಡಿದಿಡಲು ಪಕ್ಕದಲ್ಲಿ ಮರ ಬೇಕು, ಆ ಮರ ಹಿಂದಕ್ಕೆ ಮಣಿಕಟ್ಟಿನವರೆಗೂ ಹೋಗುತ್ತದೆ. ಪಿಸ್ತೂಲಿಗೆ ಮಣಿಕಟ್ಟು ಅಂದರೆ ಲಾಕಿನ ಹಿಂದೆ ಹಿಡಿ ಬಾಗುವ ಜಾಗ. ಅದು ಸಣ್ಣಗಿರಬೇಕು. ನನ್ನದು ಮುಷ್ಟಿಗೆ ಸಿಗದಷ್ಟು ದಪ್ಪವಾಯಿತು. ಎಷ್ಟು ಉಜ್ಜಿದರೂ ಲಾಕಿನ ಅಂಚು ಅಡ್ಡ ಬರುತ್ತಿತ್ತು. ಕೊನೆಗೆ ಆ ಮರವನ್ನು ಬಿಟ್ಟೇಬಿಟ್ಟೆ.

ಎರಡನೇ ಸಲ ನಾಲ್ಕು ಇಂಚಿನ ಪಿಸ್ತೂಲ್ ಲಾಕ್ ತಂದು, ಕಾಗದದ ಮೇಲೆ ಪಿಸ್ತೂಲಿನ ನಿಜವಾದ ಅಳತೆಯಲ್ಲೇ ಚಿತ್ರ ಬರೆದೆ. ಚಿತ್ರದಲ್ಲಿ ಅಲುಗಾಡಿಸಲಾಗದ ಜಾಗ ಒಂದೇ: ನಳಿಗೆಯೊಳಗೆ ಬೆಂಕಿ ಹೋಗುವ ತೂತು. ನಳಿಗೆಯ ಹಿಂಬಾಯಿ ಮುಚ್ಚುವ ಬಿರಡೆ ಎಲ್ಲಿ ಮುಗಿಯುತ್ತದೋ ಅದರ ಸ್ವಲ್ಪ ಮುಂದೆಯೇ ಈ ತೂತು ಬರಬೇಕು. ಲಾಕಿನ ಮದ್ದಿನ ಬಟ್ಟಲು ಅದಕ್ಕೆ ಎದುರಾಗಿ ನಿಲ್ಲಬೇಕು. ಅಲ್ಲಿಗೆ ಲಾಕಿನ ಜಾಗ ಗೊತ್ತಾಯಿತು. ಲಾಕ್ ನಿಂತರೆ ಟ್ರಿಗರ್ ನಿಂತಿತು, ಟ್ರಿಗರ್ ನಿಂತರೆ ಬೆರಳು, ಬೆರಳು ನಿಂತರೆ ಹಿಡಿ. ನಳಿಗೆಯ ಉದ್ದವನ್ನು ಬೇಕಾದರೆ ಕೊನೆಯಲ್ಲಿ ಒಂದಿಂಚು ಕತ್ತರಿಸಬಹುದು, ಅಲ್ವಾ? ಲಾಕನ್ನು ಕತ್ತರಿಸೋಕೆ ಆಗಲ್ಲ.

ಎತ್ತರದ ಲೆಕ್ಕ ಸುಲಭ. ನಳಿಗೆ, ಅದರ ಕೆಳಗೆ 3 ಮಿ.ಮೀ. ಮರ, ಅದರ ಕೆಳಗೆ ಮದ್ದು ಜಡಿಯುವ ಸಲಾಕೆ. ನಡುವಿನ ಮರವನ್ನು ದಪ್ಪ ಬಿಟ್ಟಷ್ಟೂ ಪಿಸ್ತೂಲಿಗೆ ಹೊಟ್ಟೆ ಬಂದಂತೆ ಕಾಣುತ್ತದೆ.

ಹಿಡಿಯ ಬಾಗು ಮಾತ್ರ ಕಾಗದದಲ್ಲಿ ಗೊತ್ತಾಗುವುದಿಲ್ಲ. ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿದೆ. ಎರಡು ರಟ್ಟು ಸೇರಿಸಿ ಹಿಡಿಯ ಹತ್ತಿರ ಬಟ್ಟೆ ಸುತ್ತಿದೆ. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ತೆರೆದು ನೋಡಿದೆ. ರಟ್ಟಿನ ನಳಿಗೆ ಮಾಡಿನ ಕಡೆ ತಿರುಗಿತ್ತು. ಹಿಡಿಯನ್ನು ಇನ್ನೂ ಸ್ವಲ್ಪ ಕೆಳಕ್ಕೆ ಬಗ್ಗಿಸಿ ಹೊಸ ರಟ್ಟು ಕತ್ತರಿಸಿದೆ. ಮೂರನೆಯದಕ್ಕೆ ನಳಿಗೆ ಗೋಡೆಯ ಗುರುತಿಗೆ ನೇರವಾಗಿ ನಿಂತಿತು. ಆ ಖುಷಿ ಸಣ್ಣದಲ್ಲ.

ಅದೇ ರಟ್ಟನ್ನು ವಾಲ್‌ನಟ್ ಹಲಗೆಯ ಮೇಲಿಟ್ಟು ಮರದ ಎಳೆ ನೋಡಿದೆ. ಎಳೆ ಮಣಿಕಟ್ಟನ್ನು ಅಡ್ಡ ಹಾಯ್ದರೆ ಪಿಸ್ತೂಲು ಬಿದ್ದ ದಿನ ಅಲ್ಲೇ ಮುರಿಯುತ್ತದೆ. ಹಲಗೆಯ ಅಂಚಿನಲ್ಲಿ ಎಳೆ ತಾನಾಗಿಯೇ ಬಾಗಿದ್ದ ಜಾಗ ಒಂದಿತ್ತು. ಅಲ್ಲಿಟ್ಟರೆ ಹಲಗೆ ಜಾಸ್ತಿ ಪೋಲಾಗುತ್ತದೆ. ಆದರೂ ಅಲ್ಲೇ ಇಟ್ಟು ಪೆನ್ಸಿಲ್ ಗೆರೆ ಎಳೆದೆ.

ಈಗ ಇದಕ್ಕೊಂದು ಜೋಡಿ ಮಾಡುವ ಆಸೆ. ಲಾಕ್ ಬಂದಿದೆ, ಚಿತ್ರ ಮುಗಿದಿದೆ. ನಳಿಗೆ ಇನ್ನೂ ತಂದಿಲ್ಲ.