ಗೇರು ಪಾರ್ಕಿನಲ್ಲಿ ಕಚ್ಚಿಕೊಂಡರೆ ನಾನು ಮೊದಲು ಹೋಗಿ ನಿಲ್ಲುವುದು ಕಾರಿನ ಹಿಂದೆ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. ಶುರು ಮಾಡಿದಾಗ ಬರುತ್ತಿದ್ದದ್ದೆಲ್ಲ ಟ್ರ್ಯಾಕ್ಟರ್ ಡೈನಮೊ, ಟೆಂಪೊ ಸೆಲ್ಫ್ ಮೋಟರು, ಲಾರಿ ವೈರಿಂಗು. ಆಟೋಮ್ಯಾಟಿಕ್ ಕಾರು ವರ್ಷಕ್ಕೊಂದು ಬಂದರೆ ಹೆಚ್ಚು. ಈಗ ಹಾಗಿಲ್ಲ. ಮಂಡಿ ನೋವಿನವರು, ವಯಸ್ಸಾದವರು, ಬೆಂಗಳೂರಿನಲ್ಲಿ ಮಕ್ಕಳು ಓಡಿಸಿ ಬಿಟ್ಟ ಹಳೇ ಕಾರನ್ನು ಊರಿಗೆ ತಂದುಕೊಂಡವರು ಬಹಳ ಜನ ಇದ್ದಾರೆ. ಹಾಗಾಗಿ ಒಂದು ದೂರು ಆಗಾಗ ಕಿವಿಗೆ ಬೀಳುತ್ತದೆ: "ಇಂಜಿನ್ ಸ್ಟಾರ್ಟ್ ಆಯ್ತದೆ ಕಣಣ್ಣ, ಗೇರು ಮಾತ್ರ ಪಿ ಬಿಟ್ಟು ಅಲ್ಲಾಡ್ತಾನೇ ಇಲ್ಲ." ಪಿ ಎಂದರೆ ಪಾರ್ಕ್, ಕಾರು ನಿಲ್ಲಿಸಿದಾಗ ಗೇರ್ ಲಿವರನ್ನು ಇಡುವ ಜಾಗ.

ಹೋದ ಮಾಘದಲ್ಲಿ ಇದೇ ದೂರು ಹೇಳಿ ಫೋನು ಮಾಡಿದವರು ನನ್ನ ಮಿಸ್ಸು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ರಿಟೈರ್ ಆದ ಮೇಲೆ ಎರಡೂ ಮಂಡಿಗೆ ಆಪರೇಷನ್ ಆಗಿ, ಕ್ಲಚ್ ತುಳಿಯುವುದು ಬೇಡ ಎಂದು 2009ರ ಮಾಡೆಲಿನ ಒಂದು ಆಟೋಮ್ಯಾಟಿಕ್ ಕಾರು ಕೊಂಡಿದ್ದರು.

"ಲೋ, ಕಾರು ಪಿನಲ್ಲೇ ಕಚ್ಕೊಂಡು ಕೂತಿದೆ. ನಾಳೆ ಬೆಳಗ್ಗೆ ನಿಮ್ಮ ಮೇಷ್ಟ್ರನ್ನ ಮೈಸೂರಿಗೆ ಕರ್ಕೊಂಡು ಹೋಗ್ಬೇಕು, ಕಣ್ಣಿನ ಆಪರೇಷನ್ನು. ಒಂದು ಕಡೆ ಕೇಳಿದ್ರೆ ಗೇರ್‌ಬಾಕ್ಸೇ ಇಳಿಸ್ಬೇಕು ಅಂತಾರೆ. ಬರ್ತೀಯಾ?"

"ಬತ್ತೀನಿ ಮಿಸ್. ಅಲ್ಲೀಗಂಟ ಲಿವರ್ ಹಿಡಿದು ಎಳೀಬೇಡಿ."

ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಲಿವರಿನ ಬುಡದಲ್ಲಿ ಬೆರಳಿನ ಉಗುರಿನಷ್ಟು ದಪ್ಪದ ಒಂದು ಪಿನ್ನು ಅಡ್ಡ ನಿಂತಿರುತ್ತದೆ. ಅದರ ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ಕು, ಅದೂ ಹದಿನೈದು ವರ್ಷ ಬಿಸಿಲಲ್ಲಿ ಬೆಂದ ಪ್ಲಾಸ್ಟಿಕ್ಕು. ಜೋರು ಮಾಡಿದರೆ ಒಂದೋ ಬ್ರ್ಯಾಕೆಟ್ಟು ಸೀಳುತ್ತದೆ, ಇಲ್ಲ ಕೇಬಲ್ಲಿನ ತುದಿ ಕಿತ್ತು ಬರುತ್ತದೆ. ಆಗ ನಿಜಕ್ಕೂ ದೊಡ್ಡ ರಿಪೇರಿಯೇ.

ಆ ಪಿನ್ನು ಸರಿಯುವ ಬಗೆ ಸರಳ. ಕೀ ಆನ್ ಇದ್ದು ಬ್ರೇಕ್ ತುಳಿದರೆ, ಪೆಡಲಿನ ಮೇಲಿರುವ ಸ್ವಿಚ್ಚು ಕೂಡಿಕೊಂಡು ಹಿಂದಿನ ಬ್ರೇಕ್ ಲೈಟಿಗೆ ಕರೆಂಟು ಕೊಡುತ್ತದೆ. ಅದೇ ಸ್ವಿಚ್ಚಿನಿಂದ ಲಿವರಿನ ಬುಡದ ಸೊಲೆನಾಯ್ಡಿಗೂ, ಅಂದರೆ ಕರೆಂಟು ಬಂದರೆ ಅಯಸ್ಕಾಂತವಾಗುವ ತಂತಿ ಸುರುಳಿಗೂ, ಸುದ್ದಿ ಹೋಗುತ್ತದೆ. ಸೊಲೆನಾಯ್ಡ್ 'ಟಕ್' ಎಂದು ಪಿನ್ನನ್ನು ಎಳೆದುಕೊಂಡರೆ ಲಿವರು ಬಿಡುಗಡೆ. ಬ್ರೇಕ್ ಮೇಲೆ ಕಾಲಿಲ್ಲದೆ ಯಾರೂ ಗೇರಿಗೆ ಹಾಕಬಾರದು ಎಂಬುದೇ ಇದರ ಉದ್ದೇಶ. 1980ರ ದಶಕದಲ್ಲಿ ಅಮೆರಿಕದಲ್ಲಿ, ನಿಂತ ಕಾರು ಗೇರಿಗೆ ಹಾಕುತ್ತಲೇ ತಾನಾಗಿ ನುಗ್ಗಿತು ಎಂಬ ದೂರುಗಳು ರಾಶಿ ಬಿದ್ದವು. ಅಲ್ಲಿನ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ 1989ರಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಘಟನೆಗಳಲ್ಲಿ ಓಡಿಸುವವರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು ಎಂದು ಅದು ಹೇಳಿತು. ಈ ಬೀಗ ಕಾರುಗಳಿಗೆ ಬಂದದ್ದು ಆ ಕಾಲದಲ್ಲೇ. 2010ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ಕಾರುಗಳಿಗೆ ಕಡ್ಡಾಯವೂ ಆಯಿತು, ಕಾರಿನಲ್ಲಿ ಕೂತ ಮಕ್ಕಳು ಲಿವರ್ ಎಳೆದು ಕಾರು ಉರುಳಬಾರದು ಎಂದು. ಹಾಗಾಗಿ ಈ ಬೀಗವನ್ನು ಪೀಡೆ ಎಂದು ಕಿತ್ತುಹಾಕಲು ಹೇಳುವವರ ಕಾರನ್ನು ನಾನು ಮುಟ್ಟುವುದಿಲ್ಲ.

ಮಿಸ್ಸಿನ ಮನೆ ವಿದ್ಯಾನಗರದಲ್ಲಿ. ನಾನು ಹೋದಾಗ ಅವರು ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗ.

"ಇವನಿಂದ ಒಂದು ವಾರ ಓಡಿಸಿದೆ ಕಣೋ" ಎಂದರು ಮಿಸ್ಸು. ಲಿವರಿನ ಪಕ್ಕ ಬೆರಳಗಲದ ಒಂದು ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ ಒಳಗೆ ಕೀ ತುದಿಯೋ ಸ್ಕ್ರೂಡ್ರೈವರೋ ಒತ್ತಿ ಹಿಡಿದರೆ ಪಿನ್ನು ಕೈಯಿಂದಲೇ ಸರಿಯುತ್ತದೆ. ಹುಡುಗ ಅದನ್ನು ಎಲ್ಲೋ ನೋಡಿ ಕಲಿತು ತೋರಿಸಿಕೊಟ್ಟಿದ್ದ. ತಪ್ಪಲ್ಲ, ಕಂಪನಿಯವರು ಅದನ್ನು ಇಟ್ಟಿರುವುದೇ ಆಪತ್ತಿಗೆ. ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು, ಒತ್ತಿ ಹಿಡಿದು ನ್ಯೂಟ್ರಲಿಗೆ ತಂದು ಸ್ಟಾರ್ಟ್ ಮಾಡಿಕೊಂಡು ಹೋಗಬಹುದು. ಮಿಸ್ಸು ಹಾಗೆ ಒತ್ತಿಕೊಂಡೇ ಸಂತೆಗೆ ಹೋಗಿದ್ದಾರೆ, ಹೈವೇ ಹಿಡಿದು ಶ್ರೀರಂಗಪಟ್ಟಣಕ್ಕೂ ಹೋಗಿ ಬಂದಿದ್ದಾರೆ. ಆವತ್ತು ಬೆಳಗ್ಗೆ ಒತ್ತುವ ಪ್ಲಾಸ್ಟಿಕ್ ಕಡ್ಡಿ ಮುರಿದು ಒಳಗೆ ಬಿದ್ದ ಮೇಲೆ ನನಗೆ ಫೋನು.

ನಾನು ಬಾನೆಟ್ಟು ಎತ್ತಲಿಲ್ಲ, ಲಿವರ್ ಮುಟ್ಟಲಿಲ್ಲ. ಕಾರಿನ ಹಿಂದೆ ಹೋಗಿ ನಿಂತೆ. "ಮಿಸ್, ಕೀ ಆನ್ ಮಾಡಿ ಬ್ರೇಕ್ ತುಳೀರಿ."

ಒಂದು ದೀಪವೂ ಹತ್ತಲಿಲ್ಲ.

ಎದೆ ಧಸಕ್ಕೆಂದಿತು. ಒಂದು ವಾರದಿಂದ ಎಪ್ಪತ್ತರ ಹತ್ತಿರದ ಹೆಂಗಸು, ಬ್ರೇಕ್ ಲೈಟೇ ಇಲ್ಲದ ಕಾರಿನಲ್ಲಿ, ನೂರರ ಮೇಲೆ ಹೋಗುವ ಗಾಡಿಗಳ ಮುಂದೆ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದು ಗಕ್ಕನೆ ಬ್ರೇಕ್ ಹಾಕಿದ್ದರೆ ಹಿಂದಿನವನಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಗೇರು ಕಚ್ಚಿಕೊಂಡದ್ದು ಕಾರು ಕೊಟ್ಟ ಸೂಚನೆ. ನನ್ನ ಬ್ರೇಕ್ ಲೈಟು ಸತ್ತಿದೆ, ನೋಡಿ ಎಂದು. ವಾರವಿಡೀ ಎಲ್ಲರೂ ಲಿವರನ್ನೇ ನೋಡಿದ್ದರು, ಒಬ್ಬರೂ ಹಿಂದೆ ಹೋಗಿ ನಿಂತಿರಲಿಲ್ಲ. ಒಬ್ಬರೇ ಇದ್ದರೂ ಇದನ್ನು ನೋಡಬಹುದು: ಸಂಜೆ ಹೊತ್ತು ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿದ ಕಾರಿನಲ್ಲಿ ಬ್ರೇಕ್ ತುಳಿದರೆ ಗೋಡೆ ಕೆಂಪಾಗಬೇಕು.

ದೀಪ ಹತ್ತದಿದ್ದರೆ ಹುಡುಕುವ ದಾರಿ ಚಿಕ್ಕದು. ಫ್ಯೂಸು, ಬಲ್ಬು, ಸ್ವಿಚ್ಚು, ನಡುವಿನ ತಂತಿ. ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬಾರದು. ಅದರ ನೆತ್ತಿಯ ಮೇಲಿನ ಎರಡು ಲೋಹದ ಚುಕ್ಕೆಗೂ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಎರಡೂ ಕಡೆ ಹತ್ತಬೇಕು. ಹತ್ತಿತು. ಬಲ್ಬು ಬಿಚ್ಚಿದೆ, 21 ವ್ಯಾಟಿನ ತಂತು ಎರಡರಲ್ಲೂ ನೆಟ್ಟಗಿತ್ತು.

ಉಳಿದದ್ದು ಸ್ವಿಚ್ಚು. ಡ್ರೈವರ್ ಸೀಟು ಹಿಂದೆ ತಳ್ಳಿ, ಕಾಲಿಡುವ ಜಾಗಕ್ಕೆ ತಲೆ ಕೊಟ್ಟು ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೋಡಬೇಕು. ಪೆಡಲಿನ ಕಂಬಿಯ ಮೇಲ್ತುದಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಸ್ವಿಚ್ಚು, ಅದರ ಮೂತಿಯಲ್ಲಿ ಒಂದು ಬಿಳೀ ಪ್ಲಂಜರು. ಕಾಲು ತೆಗೆದಾಗ ಪೆಡಲು ಆ ಪ್ಲಂಜರನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ, ತುಳಿದಾಗ ಪ್ಲಂಜರು ಹೊರಗೆ ಬಂದು ಕಾಂಟ್ಯಾಕ್ಟ್ ಕೂಡುತ್ತದೆ. ಸ್ವಿಚ್ಚಿಗೆ ತಂತಿ ಸೇರಿಸುವ ಕಪ್ಲರ್ ಬಿಚ್ಚಿದೆ, ನಾಲ್ಕು ಪಿನ್ನು. ಒಂದು ಜೋಡಿ ಲೈಟಿಗೆ, ಇನ್ನೊಂದು ಕಾರಿನ ಕಂಪ್ಯೂಟರಾದ ಇಸಿಯುಗೆ. ಲೈಟಿನ ಜೋಡಿಗೆ ಮಲ್ಟಿಮೀಟರ್ ಹಿಡಿದು ಪ್ಲಂಜರ್ ಬಿಟ್ಟೆ. 'ಬೀಪ್' ಎಂದಿತು.

ಇಲ್ಲಿ ನಾನು ದಾರಿ ತಪ್ಪಿದೆ. ಬೀಪ್ ಬಂದ ಮೇಲೆ ಸ್ವಿಚ್ಚು ಸರಿಯಿದೆ ಎಂದು ತೀರ್ಮಾನಿಸಿ, ಇಲಿ ತಂತಿ ಕಡಿದಿರಬೇಕು ಎಂದು ಕಾರ್ಪೆಟ್ಟು ಎತ್ತಿದೆ, ಲಿವರಿನ ಸುತ್ತಲಿನ ಪ್ಲಾಸ್ಟಿಕ್ ಕನ್ಸೋಲು ಬಿಚ್ಚಿದೆ. ಮುಕ್ಕಾಲು ಗಂಟೆ ಹೋಯಿತು. ತಂತಿ ಎಲ್ಲೂ ತುಂಡಾಗಿರಲಿಲ್ಲ. ಮಿಸ್ಸು ಕಾಫಿ ತಂದು ಕೈಗೆ ಕೊಟ್ಟು ಕೇಳಿದರು.

"ಸ್ವಿಚ್ಚು ನೋಡಿದೆಯಲ್ಲ, ಎಷ್ಟು ತೋರಿಸ್ತು?"

"ಬೀಪ್ ಬಂತು ಮಿಸ್."

"ಬೀಪ್ ಅಲ್ಲ ಕಣೋ. ಅಂಕಿ ಎಷ್ಟು?"

ಅಂಕಿ ನೋಡಿರಲಿಲ್ಲ. ಮತ್ತೆ ಮಲಗಿ, ಮೀಟರನ್ನು ಓಮ್‌ಗೆ ತಿರುಗಿಸಿ ಹಿಡಿದೆ. ಎಂಟು, ಹನ್ನೆರಡು, ಹತ್ತು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಳ್ಳೆಯ ಸ್ವಿಚ್ಚಿನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಬೀಪ್ ಎನ್ನುವುದು ಮೂವತ್ತು ಓಮ್ ಇದ್ದರೂ ಬರಬಹುದು.

"ಹತ್ತು ಅಂತಿಟ್ಕೊ. ಬಲ್ಬು ಎಷ್ಟು ವ್ಯಾಟು?"

"ಇಪ್ಪತ್ತೊಂದು, ಎರಡು ಬಲ್ಬು."

ಅವರು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕರೆಂಟು ಬಿಲ್ಲಿನ ಹಿಂಬದಿಗೆ ಬರೆದರು. ಹನ್ನೆರಡು ವೋಲ್ಟು, 42 ವ್ಯಾಟು. ಎರಡೂ ಬಲ್ಬು ಸೇರಿ ಮೂರೂವರೆ ಓಮಿಗೂ ಕಮ್ಮಿ. ಅದರ ಮುಂದೆ ಸ್ವಿಚ್ಚಿನ ಹತ್ತು ಓಮ್ ಸೇರಿದರೆ ಹರಿಯುವುದು ಮೂರೂವರೆ ಆಂಪಿಯರ್ ಬದಲು ಒಂದಕ್ಕಿಂತ ಕಮ್ಮಿ. ಬಲ್ಬಿಗೆ ಸಿಗುವುದು ಮೂರು ವೋಲ್ಟು. "ಮೂರು ವೋಲ್ಟಿಗೆ ಹಗಲಲ್ಲಿ ಯಾವ ದೀಪ ಕಾಣುತ್ತೆ? ನಿನ್ನ ಸೊಲೆನಾಯ್ಡು ತಾನೆ ಹೇಗೆ ಎಳೆಯುತ್ತೆ?" ಎಂದು ಬಿಲ್ಲನ್ನು ನನ್ನ ಕೈಗಿಟ್ಟರು. ಹತ್ತನೇ ಕ್ಲಾಸಿನಲ್ಲಿ ಇದೇ ಲೆಕ್ಕವನ್ನು ಅವರು ಬೋರ್ಡಿನ ಮೇಲೆ ಮಾಡಿಸಿದ್ದರು. ದಿನಾ ಕರೆಂಟಿನ ಕೆಲಸ ಮಾಡುವ ನಾನು ಬೀಪಿಗೆ ಮರುಳಾಗಿ ಅದನ್ನು ಮರೆತಿದ್ದೆ.

ಆಮೇಲೆ ಕೆಲಸ ಐದು ನಿಮಿಷದ್ದು. ಕಪ್ಲರಿನಲ್ಲಿ ಲೈಟಿನ ಎರಡು ಪಿನ್ನಿಗೆ ಒಂದು ತುಂಡು ತಂತಿ ಕೂಡಿಸಿದೆ. ಜೋಡಿ ಯಾವುದು ಎಂದು ಖಾತ್ರಿ ಮಾಡಿಕೊಂಡೇ ಇದನ್ನು ಮಾಡಬೇಕು, ತಪ್ಪು ಪಿನ್ನಿಗೆ ಹಾಕಿದರೆ ಇಸಿಯುಗೆ ಏಟು. ಹುಡುಗ ಹಿಂದಿನಿಂದ ಕೂಗಿದ, "ಅಣ್ಣಾ, ಎರಡೂ ಹತ್ತಿದ್ವು!" ಅದೇ ಗಳಿಗೆಯಲ್ಲಿ ಬಿಚ್ಚಿಟ್ಟ ಕನ್ಸೋಲಿನ ಒಳಗಿಂದ 'ಟಕ್' ಎಂದಿತು. ಲಿವರು ಬೆಣ್ಣೆಯಲ್ಲಿ ಸರಿದ ಹಾಗೆ ಸರಿಯಿತು. ಅಂದಿನಿಂದ ನಾನು ಸ್ವಿಚ್ಚನ್ನು ಬರೀ ಮೀಟರಿನಲ್ಲಿ ನೋಡುವುದಿಲ್ಲ. 21 ವ್ಯಾಟಿನ ಬಲ್ಬಿಗೆ ಹೋಲ್ಡರು, ಎರಡು ತಂತಿ, ಎರಡು ಕ್ಲಿಪ್ಪು ಹಾಕಿ ಇಟ್ಟುಕೊಂಡಿದ್ದೇನೆ. ಸ್ವಿಚ್ಚಿನ ಮೂಲಕ ಆ ಬಲ್ಬು ಪೂರ್ತಿ ಬೆಳಗಿದರೆ ಮಾತ್ರ ಸ್ವಿಚ್ಚು ಒಳ್ಳೆಯದು.

ಹೊಸ ಸ್ವಿಚ್ಚು ಮಂಡ್ಯದಲ್ಲಿ ಸಿಗಲಿಲ್ಲ. ಮೈಸೂರಿನ ಪರಿಚಯದ ಅಂಗಡಿಯವರು 380 ರೂಪಾಯಿಯದ್ದೊಂದನ್ನು ಸಂಜೆ ಬಸ್ಸಿಗೆ ಕೊಟ್ಟು ಕಳಿಸಿದರು. ಬಸ್ಸು ಬರುವವರೆಗೆ ಹುಡುಗ ನನ್ನ ಬೆನ್ನು ಬಿಡಲಿಲ್ಲ. "ಎಲ್ಲ ಕಾರಲ್ಲೂ ಈ ಸ್ವಿಚ್ಚೇನಾ ಅಣ್ಣ?"

ಅಲ್ಲ. ಬ್ರೇಕ್ ಲೈಟು ಚೆನ್ನಾಗಿ ಹತ್ತಿಯೂ ಲಿವರು ಬರದಿದ್ದರೆ ಕಿವಿಯನ್ನು ಲಿವರಿನ ಬುಡಕ್ಕೆ ಕೊಡಬೇಕು. ಇಂಜಿನ್ ಆಫ್ ಇರಲಿ, ಕೀ ಮಾತ್ರ ಆನ್ ಇರಲಿ. 'ಟಕ್' ಕೇಳಿದರೆ ಕರೆಂಟಿನ ಕಡೆ ಸರಿಯಿದೆ, ತೊಂದರೆ ಕೇಬಲ್ಲಿನಲ್ಲೋ ಲಿವರಿನ ಬಟನ್ನಿನಲ್ಲೋ ಗೇರ್‌ಬಾಕ್ಸಿನ ಕೊಕ್ಕೆಯಲ್ಲೋ. ಮೇಲುಕೋಟೆಯಿಂದ ಒಂದು ಸಂಸಾರ ಹೀಗೇ ಫೋನು ಮಾಡಿತ್ತು. ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯದೆ ಪಿಗೆ ಹಾಕಿ ಇಳಿದಿದ್ದರು. ಕಾರಿನ ಭಾರವೆಲ್ಲ ಪಿಯಲ್ಲಿ ಕಾರನ್ನು ಹಿಡಿದಿಡುವ ಆ ಕೊಕ್ಕೆಯ ಮೇಲೆ ಕೂತಿತ್ತು. ಇಬ್ಬರು ಕೆಳಗಿನಿಂದ ಕಾರನ್ನು ನಾಲ್ಕು ಬೆರಳು ಮೇಲಕ್ಕೆ ತಳ್ಳಿ, ಡ್ರೈವರ್ ಬ್ರೇಕ್ ತುಳಿದೇ ಇದ್ದು ಲಿವರ್ ಎಳೆಯಲಿ ಎಂದೆ, ಬಂತು. ಇಳಿಜಾರಿನಲ್ಲಿ ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್ ಬ್ರೇಕು, ಆಮೇಲೆ ಕಾಲು ಸಡಿಲಿಸಿ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂತ ಬಳಿಕ ಪಿ.

'ಟಕ್' ಕೇಳದಿದ್ದರೆ ಸೊಲೆನಾಯ್ಡಿನ ಕಪ್ಲರಿಗೆ ಹನ್ನೆರಡು ವೋಲ್ಟು ಬರುತ್ತಿದೆಯಾ ನೋಡಬೇಕು. ಬರುತ್ತಿದ್ದರೆ ಸೊಲೆನಾಯ್ಡೇ ಸತ್ತಿದೆ, ಇಲ್ಲ ಸಿಕ್ಕಿಕೊಂಡಿದೆ. ನಮ್ಮ ಊರಿನಲ್ಲಿ ಸಿಕ್ಕಿಕೊಳ್ಳಲು ಒಂದು ಖಾಸಾ ಕಾರಣ ಕಂಡಿದ್ದೇನೆ: ಕಬ್ಬಿನ ಹಾಲು. ರಸ್ತೆ ಬದಿ ಕುಡಿದು, ಅರ್ಧ ಲೋಟವನ್ನು ಕನ್ಸೋಲಿನ ಗುಂಡಿಯಲ್ಲಿಟ್ಟು ಹೊರಟರೆ ಹಂಪ್ ಸಿಕ್ಕಾಗ ಚೆಲ್ಲುತ್ತದೆ. ಒಳಗೆ ಇಳಿದು ಒಣಗಿ ಬೆಲ್ಲದ ಪಾಕವಾಗಿ, ಪ್ಲಂಜರು ಅದರಲ್ಲೇ ಅಂಟಿ ಕೂತಿರುತ್ತದೆ. ಒಂದು ಕಾರಿನ ಕನ್ಸೋಲು ಎತ್ತಿದಾಗ ಸೊಲೆನಾಯ್ಡಿನ ಸುತ್ತ ಇರುವೆ ಮುತ್ತಿತ್ತು. ಬಿಚ್ಚಿ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ ಹಾಕಿದೆ. ಹೊಸ ಸಾಮಾನೇನೂ ಬೇಕಾಗಲಿಲ್ಲ.

ಬ್ಯಾಟರಿ ಬಲಹೀನವಾದರೂ ಸೊಲೆನಾಯ್ಡ್ ಎಳೆಯದು. ಇದರ ತದ್ವಿರುದ್ಧದ ರೋಗವೂ ಒಂದಿದೆ. ಪೆಡಲಿನಲ್ಲಿ ಪ್ಲಂಜರು ಕೂರುವ ಕಡೆ ಗುಂಡಿಯಷ್ಟು ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದು ಹಳತಾಗಿ ಪುಡಿಯಾಗಿ ಬಿದ್ದರೆ ಪ್ಲಂಜರು ತೂತಿನಲ್ಲಿ ತೂರಿ ಬ್ರೇಕ್ ಲೈಟು ಹತ್ತಿಕೊಂಡೇ ಇರುತ್ತದೆ, ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿ. ಬ್ರೇಕ್ ತುಳಿಯದೆಯೂ ಗೇರು ಬಂದುಬಿಡಬಹುದು. ಕಾಲ ಬಳಿ ಪ್ಲಾಸ್ಟಿಕ್ಕಿನ ಚೂರು ಕಂಡರೆ ಗುಡಿಸಿ ಎಸೆಯುವ ಮೊದಲು ಮೇಲೆ ನೋಡಬೇಕು.

ಏಳು ಗಂಟೆಗೆ ಸ್ವಿಚ್ಚು ಬಂತು. ಪ್ಲಂಜರು ಒತ್ತಿಕೊಳ್ಳುವವರೆಗೆ ತಿರುಪಿ, ಲಾಕ್‌ನಟ್ ಬಿಗಿ ಮಾಡಿದೆ. ಪೆಡಲು ಅರ್ಧ ಇಂಚು ಇಳಿಯುವುದರೊಳಗೆ ದೀಪ ಹತ್ತಬೇಕು, ಬಿಟ್ಟರೆ ತಕ್ಷಣ ಆರಬೇಕು. ತೀರಾ ಒಳಕ್ಕೆ ತಿರುಪಿದರೆ ಸ್ವಿಚ್ಚೇ ಪೆಡಲನ್ನು ಒತ್ತಿ ಬ್ರೇಕು ಹಿಡಿದುಕೊಂಡಿರುತ್ತದೆ, ಡ್ರಮ್ಮು ಬಿಸಿಯಾಗುತ್ತದೆ. ಹುಡುಗನನ್ನು ಹಿಂದೆ ನಿಲ್ಲಿಸಿ ಇಪ್ಪತ್ತು ಸಲ ತುಳಿದು ನೋಡಿದೆ. ಮುರಿದ ಕಡ್ಡಿಯನ್ನೂ ಹುಡುಕಿ ಅಂಟಿಸಿ, ಮುಚ್ಚಳ ಹಾಕಿದೆ.

ಹಳೇ ಸ್ವಿಚ್ಚನ್ನು ಮಿಸ್ಸು ಕೇಳಿ ತೆಗೆದುಕೊಂಡರು. ಬ್ಲೇಡಿನಿಂದ ಸೀಳಿ ಕೊಟ್ಟೆ. ಒಳಗಿನ ತಾಮ್ರದ ಬೊಟ್ಟು ಕರಿಹಿಡಿದು, ನಡುವೆ ಸೂಜಿಮೊನೆಯಷ್ಟು ಗುಳಿ ಬಿದ್ದಿತ್ತು. ದೀಪಕ್ಕೆ ಹೋಗುವ ಕರೆಂಟೆಲ್ಲ ಆ ಬೊಟ್ಟಿನ ಮೇಲೆಯೇ ಹಾಯ್ದು, ಪ್ರತಿ ಸಲ ಕೂಡಿ ಬಿಡುವಾಗ ಕಿಡಿ ಹಾರಿ ಹದಿನೈದು ವರ್ಷದಲ್ಲಿ ಹೀಗಾಗಿತ್ತು. ಅವರು ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಹುಡುಗನಿಗೂ ತೋರಿಸಿದರು.

ಮಾರನೇ ದಿನ ಆರಕ್ಕೆ ಅವರ ಗೇಟಿನ ಹತ್ತಿರ ಹೋಗಿ ನಿಂತೆ. ಚಳಿ ಇತ್ತು, ಇನ್ನೂ ಕತ್ತಲು. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಮುಂದೆ ಕೂತಿದ್ದರು. ಮಿಸ್ಸು ಕೀ ತಿರುಗಿಸಿ ಬ್ರೇಕ್ ತುಳಿದರು, ಹಿಂದಿನ ಕಾಂಪೌಂಡು ಗೋಡೆ ಕೆಂಪಾಯಿತು.

"ಹತ್ತಿತೇನೋ?"

"ಹತ್ತಿತು ಮಿಸ್. ಎರಡೂ."